ಲೈಬ್ರರಿಯಿಂದ ಆಚೆಯ ಸ್ಟಾಪುಗಳು

ಮಾರ್ಚ್ ೩, ಸೋಮವಾರ

ಮಗಳು ಬೆಳಿಗ್ಗೆ ತನ್ನ ಊರಿಗೆ ಹೊರಟಳು. ಹೋಗುವ ಮುಂಚೆ ಫ್ರಿಜ್ಜಿನ ಬಾಗಿಲಿಗೆ ಮೂರು ಕಾಗದ ಅಂಟಿಸಿದಳು. ಒಂದು ಅವಳ ಅಮ್ಮನ ಮಾತ್ರೆಗಳದ್ದು, ಒಂದು ಊಟದ್ದು, ಇನ್ನೊಂದು ಏನಾದರೂ ಆದರೆ ಯಾರಿಗೆ ಫೋನು ಮಾಡಬೇಕೆಂಬುದು.

"ಅಪ್ಪಾ, ನೀನು ಪುಸ್ತಕ ಹಿಡಿದ್ರೆ ಪ್ರಪಂಚ ಮುಳುಗಿದ್ರೂ ಗೊತ್ತಾಗಲ್ಲ. ದಿನಾ ಇದನ್ನ ಓದು," ಎಂದಳು.

ಪ್ರಪಂಚ ಆಗಲೇ ಮುಳುಗಿದೆ, ನನಗೆ ಚೆನ್ನಾಗಿಯೇ ಗೊತ್ತಾಗಿದೆ ಎನ್ನಲು ಹೊರಟೆ. ಅಷ್ಟರಲ್ಲಿ ಅವಳು ಗ್ಯಾಸಿನ ವಿಷಯಕ್ಕೆ ಹೋಗಿಬಿಟ್ಟಿದ್ದಳು.

ಹೆಂಡತಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಕಳೆದ ತಿಂಗಳು ಕಂಡಕ್ಟರ್ ಪಾಳಿ ಮುಗಿಸಿ ಡಿಪೋದಲ್ಲಿ ಟಿಕೆಟ್ ಯಂತ್ರ ಒಪ್ಪಿಸುವಾಗ ಕುಸಿದು ಬಿದ್ದಳು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಲಗೈ ಸೋತಿದೆ, ಬಲಗಾಲನ್ನು ಎಳೆದು ಹಾಕುತ್ತಾಳೆ, ಮಾತು ಹೋಗಿದೆ. "ನಾವು ಹೇಳೋದೆಲ್ಲ ಅವರಿಗೆ ಅರ್ಥ ಆಗುತ್ತೆ. ಬೇಕಾದ ಪದ ಬಾಯಿಗೆ ಬರಲ್ಲ, ಅಷ್ಟೆ," ಎಂದರು ಡಾಕ್ಟರು. ಅಷ್ಟೆಯಂತೆ! ಇವಳು ಸ್ಟಾಪು ಕೂಗಿದರೆ ಹಿಂದಿನ ಬಸ್ಸಿನವರೂ ಇಳಿದುಬಿಡುತ್ತಾರೆ ಎಂದು ಡಿಪೋದವರು ತಮಾಷೆ ಮಾಡುತ್ತಿದ್ದರು. ಈಗ ತುಟಿ ಪಿಟಕ್ಕೆನ್ನುವುದಿಲ್ಲ.

ಏಪ್ರಿಲ್ ಮುಗಿಯುವವರೆಗೆ ನೋಡೋಣ, ಅಷ್ಟರಲ್ಲಿ ಮಾತು ಬರದಿದ್ದರೆ ತನ್ನ ಊರಿನ ಆರೈಕೆ ಕೇಂದ್ರಕ್ಕೆ ಸೇರಿಸುತ್ತೇನೆ ಎಂದು ಮಗಳು ಹೇಳಿ ಹೋಗಿದ್ದಾಳೆ. ಅಲ್ಲೇ ಇಟ್ಟುಕೊಳ್ಳುತ್ತಾರಂತೆ, ತಿಂಗಳಿಗೊಮ್ಮೆ ನಾನು ಹೋಗಿ ನೋಡಬಹುದಂತೆ. ಇದನ್ನು ಕೇಳಿದಾಗ ನನಗೆ ಹಾಯೆನಿಸಿತು. ಯಾರಿಗೂ ಹೇಳಲಾಗದ ಮಾತು, ಅದಕ್ಕೇ ಇಲ್ಲಿ ಬರೆದಿದ್ದೇನೆ. ಈ ಡೈರಿ ಔಷಧಿ ಅಂಗಡಿಯವರು ಪುಕ್ಕಟೆ ಕೊಟ್ಟದ್ದು. ಅವರಿಗೆ ನಮ್ಮಿಂದ ಅಷ್ಟು ವ್ಯಾಪಾರವಾಗಿದೆ.

ಮಾರ್ಚ್ ೫, ಬುಧವಾರ

ಆಯಾ ಮಧ್ಯಾಹ್ನದವರೆಗೆ ಇರುತ್ತಾಳೆ. ಅಷ್ಟು ಹೊತ್ತು ಕಚೇರಿಗೆ ಹೋಗಿಬಂದೆ.

ನಮ್ಮ ಪದಕೋಶ ಕಚೇರಿ ಎಂದರೆ ಲೈಬ್ರರಿ ಸ್ಟಾಪಿನ ಎದುರು, ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆ. ಗೋಡೆಗೆ ಕಬ್ಬಿಣದ ಕಪಾಟು, ಕಪಾಟಿನ ತುಂಬ ಕಾರ್ಡಿನ ಡಬ್ಬಿ, ಕೆಳಗಿನಿಂದ ಹೊಸ ಚರ್ಮದ ವಾಸನೆ. ದಿನಬಳಕೆಯ ಪದಗಳ ಹುಟ್ಟಿನ ಬಗ್ಗೆ ಸಣ್ಣ ಪುಸ್ತಕವೊಂದನ್ನು ತರುತ್ತಿದ್ದೇವೆ. ನನ್ನ ಪಾಲಿಗೆ ಬಂದಿರುವುದು ಪಟ್ಟಿಗಳ ಪದಗಳು: ಪಟ್ಟಿ, ಯಾದಿ, ಸೂಚಿ, ಮೆನು, ರೋಸ್ಟರು, ಕ್ಯಾಟಲಾಗು, ಹೀಗೆ. ಸಂಪಾದಕರನ್ನು ನಾವೆಲ್ಲ ಹಿಂದಿನಿಂದ 'ಆಧಾರ' ಎನ್ನುತ್ತೇವೆ. ಬೆಳಗಾಯಿತು ಎಂದರೂ "ಆಧಾರ ಎಲ್ಲಿದೆ?" ಎನ್ನುವ ಮನುಷ್ಯ.

ಅವರು ನನ್ನನ್ನು ನೋಡಿ, "ಮನೇಲಿ ಹೇಗಿದಾರೆ?" ಎಂದರು. ಹಾಗೇ ಇದ್ದಾಳೆ ಎಂದೆ. "ಅಯ್ಯೋ. ಸರಿ, ಪಟ್ಟಿ ಯಾವಾಗ ಕೊಡ್ತೀರಿ?" ಎಂದರು.

ಕೂತು 'ಪಟ್ಟಿ' ಬರೆದೆ. ಮೊದಲು ಅದು ಬಟ್ಟೆಯ ಉದ್ದನೆಯ ಸೀಳು. ಸಂಸ್ಕೃತದ ಪಟ್ಟ, ಪಟ್ಟಿಕಾ ಇವುಗಳ ಬಳಗ. ಗಾಯಕ್ಕೆ ಸುತ್ತುವುದೂ ಪಟ್ಟಿ, ಒಂದರ ಕೆಳಗೊಂದು ಹೆಸರು ಬರೆದದ್ದೂ ಪಟ್ಟಿ. ಇಂಗ್ಲಿಷಿನ ಲಿಸ್ಟು ಕೂಡ ಹಿಂದೊಮ್ಮೆ ಬಟ್ಟೆಯ ಅಂಚು, ಸೀಳು. ಒಂದಕ್ಕೊಂದು ದೂರದ ಎರಡು ಭಾಷೆಗಳಿಗೂ ಉದ್ದನೆಯ ತುಂಡೇ ಹೊಳೆದಿದೆಯಲ್ಲ ಎಂದು ಖುಷಿಯಾಯಿತು. ಮನೆಗೆ ಬಂದು ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಮೊದಲಾಗಿದ್ದರೆ, "ಪುಸ್ತಕದವ್ರೇ, ಬಟ್ಟೆ ವಿಷಯ ಆಮೇಲೆ, ಹೊಟ್ಟೆಗೇನು ಬೇಕು ಹೇಳಿ," ಎನ್ನುತ್ತಿದ್ದಳು. ಮದುವೆಗೆ ಮುಂಚಿನಿಂದಲೂ ನನ್ನನ್ನು ಹಾಗೇ ಕರೆಯುವುದು. ನನ್ನ ಹೆಸರು ಹಿಡಿದು ಕರೆದದ್ದು ಮದುವೆ ನೋಂದಣಿಯ ದಿನ ಮಾತ್ರ, ಅದೂ ಅಧಿಕಾರಿ ಕೇಳಿದ್ದಕ್ಕೆ.

ಈವತ್ತು ಅವಳು ಕಿಟಕಿಯಾಚೆ ನೋಡಿದಳು.

ಮಾರ್ಚ್ ೧೦, ಸೋಮವಾರ

ದೊಡ್ಡಾಸ್ಪತ್ರೆಯಲ್ಲಿ ಮಾತು ಕಲಿಸುವವರೊಬ್ಬರಿದ್ದಾರೆ. ಇನ್ನು ಪ್ರತಿ ಸೋಮವಾರ ಹೋಗಬೇಕು. ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋದೆ. ಬಸ್ಸೆಂದರೆ ಇವಳು ಮುಖ ತಿರುಗಿಸುತ್ತಾಳೆ. ಡಿಪೋದವರು ಯಾರಾದರೂ ಈ ಸ್ಥಿತಿಯಲ್ಲಿ ನೋಡಿಯಾರೆಂದು ಇರಬೇಕು.

ಟೀಚರ್ ನಮ್ಮ ಮಗಳಿಗಿಂತ ಚಿಕ್ಕವರು. ಮೇಜಿನ ಮೇಲೆ ರಬ್ಬರಿನ ಸೇಬು, ರಬ್ಬರಿನ ಬಾಳೆಹಣ್ಣು. "ಮನೇಲಿ ಅವರಿಗೆ ಹೆಚ್ಚು ಬೇಕಾಗೋ ಪದಗಳದ್ದು ಒಂದು ಪಟ್ಟಿ ಮಾಡಿ ಸಾರ್. ಅವರು ಬೆರಳಿಟ್ಟು ತೋರಿಸ್ಲಿ, ತೋರಿಸಿ ಹೇಳೋಕೆ ನೋಡ್ಲಿ. ಅವರ ಬದಲು ನೀವು ಹೇಳ್ಬೇಡಿ," ಎಂದರು.

ಪಟ್ಟಿ ಮಾಡುವುದನ್ನು ನನಗೆ ಹೇಳಿಕೊಡುತ್ತಾರೆ! ಹೊಟ್ಟೆಪಾಡಿಗೆ ಅದನ್ನೇ ಮಾಡುವವನು ನಾನು.

ಮಾರ್ಚ್ ೧೧, ಮಂಗಳವಾರ

ಕಚೇರಿಗೆ ರಜೆ ಹಾಕಿ ಪಟ್ಟಿ ಮಾಡಿದೆ. ಬಹಳ ದಿನಗಳ ಮೇಲೆ ಒಂದು ಕೆಲಸ ಕೈಗೆ ಹತ್ತಿತು. ಅಂಗಿ, ಆಚೆ, ಇಲ್ಲ, ಉಪ್ಪು, ಊಟ, ಎದೆನೋವು, ಏಳು, ಒಲೆ, ಔಷಧಿ, ಕನ್ನಡಕ, ಹೀಗೆ ಅಕಾರದಿಂದ ಹಕಾರದವರೆಗೆ, ಎರಡು ಹಾಳೆ, ಒಂದು ಪದವೂ ಜಾಗ ತಪ್ಪಿಲ್ಲ. 'ಈ' ಖಾಲಿ ಉಳಿಯಬಾರದೆಂದು ಈರುಳ್ಳಿ ಸೇರಿಸಿದೆ. 'ಋ'ಗೆ ಏನೂ ಸಿಗಲಿಲ್ಲ, ಅದೊಂದು ಕೊರಗು. ಅಂಗಡಿಗೆ ಹೋಗಿ ಎರಡೂ ಹಾಳೆಗೆ ಪ್ಲಾಸ್ಟಿಕ್ ಹೊದಿಸಿಕೊಂಡು ಬಂದೆ.

ಮಾರ್ಚ್ ೧೨, ಬುಧವಾರ

ಬಿಸಾಡಿದಳು.

ಏನೋ ಬೇಕಾಗಿತ್ತು. ಹಾಳೆಯನ್ನು ಮಡಿಲಲ್ಲಿಟ್ಟೆ. ಎಡಗೈ ಬೆರಳು ಅಂಗಿಯ ಮೇಲೆ ನಿಂತಿತು, ಕೆಳಗಿಳಿಯಿತು, ಒಲೆಯ ಹತ್ತಿರ ದಾರಿ ತಪ್ಪಿತು. "ಯಾವ ಅಕ್ಷರ ಅಂತ ಮೊದಲು ಯೋಚ್ನೆ ಮಾಡು. ಆಮೇಲೆ ಹುಡುಕೋದು ಸುಲಭ," ಎಂದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಹಾಳೆ ಹಾರಿಹೋಗಿ ಕಪಾಟಿನ ಕೆಳಗೆ ಸೇರಿತು. ಪ್ಲಾಸ್ಟಿಕ್ ಹೊದಿಸಿದ್ದರಿಂದ ಜಾರಿಕೊಂಡು ಗೋಡೆಯವರೆಗೆ ಹೋಗಿತ್ತು. ನೆಲಕ್ಕೆ ಒರಗಿ ಪೊರಕೆಯ ಹಿಡಿಯಿಂದ ಎಳೆದು ತೆಗೆದೆ.

ಸಂಜೆ ಗೊತ್ತಾಯಿತು, ಬೇಕಾಗಿದ್ದದ್ದು ನೀರು. ಅದು ಎರಡನೆಯ ಹಾಳೆಯ ನಡುವೆ ಎಲ್ಲೋ ಇದೆ. ಇನ್ನೂ ನೋಡಿದರೆ 'ಇಲ್ಲ' ಮೊದಲ ಸಾಲುಗಳಲ್ಲೇ ಇದೆ, 'ಹೌದು' ಎಲ್ಲಕ್ಕಿಂತ ಕೊನೆಗೆ. ಆದರೆ ಅಕಾರಾದಿಯನ್ನು ಕಟ್ಟಿದವನು ನಾನಲ್ಲವಲ್ಲ.

ಮಾರ್ಚ್ ೧೯, ಬುಧವಾರ

ಆಯಾಗೆ ಜ್ವರ. ಮೂರು ದಿನದಿಂದ ನಾನೇ ಸ್ನಾನ ಮಾಡಿಸಿ, ತಲೆ ಬಾಚಿ, ಊಟ ಮಾಡಿಸುತ್ತಿದ್ದೇನೆ. ಜಡೆ ಹೆಣೆಯಲು ಬರುವುದಿಲ್ಲ. ರಬ್ಬರ್ ಬ್ಯಾಂಡು ಹಾಕಿದೆ. ಅವಳು ಕನ್ನಡಿ ನೋಡಿಕೊಂಡು ಕಣ್ಣು ಮುಚ್ಚಿದಳು. ನಗು ತಡೆದುಕೊಂಡಳೋ ಅಳುವನ್ನೋ ತಿಳಿಯಲಿಲ್ಲ. ಮುಂಚೆ ಯಾವುದನ್ನೂ ತಡೆದುಕೊಳ್ಳುವವಳಲ್ಲ.

ಮಗಳು ಫೋನಿನಲ್ಲಿ, "ಊಟದ ಮೆನು ಪ್ರಕಾರಾನೇ ಕೊಡ್ತಿದೀಯ ತಾನೆ?" ಎಂದಳು. ಮೆನು ಎಂದರೆ ಫ್ರೆಂಚಿನಲ್ಲಿ ಸಣ್ಣದು, ಸಣ್ಣ ಸಣ್ಣ ವಿವರ ಎಂದೆಲ್ಲ ಶುರು ಮಾಡಿದೆ. "ಅಪ್ಪಾ, ಬೀನ್ಸು ಬೇಯಿಸಿದ್ಯಾ ಇಲ್ವಾ?" ಎಂದಳು. ಬೇಯಿಸಿರಲಿಲ್ಲ. ಬ್ರೆಡ್ಡು ಹಾಲಿನಲ್ಲಿ ಅದ್ದಿ ಕೊಟ್ಟಿದ್ದೆ.

ರೋಸ್ಟರನ್ನೂ ಮುಗಿಸಿದೆ. ಡಚ್ಚರ ಭಾಷೆಯಲ್ಲಿ ಅದು ಮಾಂಸ ಸುಡುವ ಕಬ್ಬಿಣದ ಜಾಲರಿ. ಪಾಳಿಯ ಪಟ್ಟಿಗೆ ಎಳೆಯುವ ಗೆರೆಗಳು ಆ ಸರಳುಗಳಂತೆ ಕಂಡದ್ದರಿಂದ ಆ ಹೆಸರು. ಈ ವಾರ ಅದಕ್ಕೆ ಬೇರೆ ಆಧಾರ ಬೇಡ, ನಾನೇ ಆ ಜಾಲರಿಯ ಮೇಲೆ ಮಲಗಿದ್ದೇನೆ.

ಮಾರ್ಚ್ ೨೪, ಸೋಮವಾರ

ಟೀಚರ್ ಈವತ್ತು ಹೊಸ ದಾರಿ ಹಿಡಿದರು. ಯೋಚಿಸಿ ಆಡುವ ಮಾತು ಬೇರೆಯಂತೆ, ಬಾಯಿಪಾಠವಾಗಿ ಸಾಲಾಗಿ ಬರುವ ಮಾತು ಬೇರೆಯಂತೆ. ಮೊದಲನೆಯದು ಹೋದರೂ ಎರಡನೆಯದು ಎಷ್ಟೋ ಸಲ ಉಳಿದಿರುತ್ತದಂತೆ. "ವಾರಗಳನ್ನ ಹೇಳೋಣ್ವಾ ಅಮ್ಮಾ? ಭಾನುವಾರ..." ಎಂದು ಎಳೆದರು.

ಹೆಂಡತಿ ಅವರ ಬಾಯನ್ನೇ ನೋಡಿದಳು. "ಸೋಮವಾರ," ಎಂದಳು.

ಅವಳದೇ ದನಿ! ಒಡೆದಿತ್ತು, ಆದರೆ ಅವಳದೇ. "ಮಂಗಳವಾರ. ಬುಧವಾರ." ಅಲ್ಲಿ ನಿಂತಳು. ಗಾಳಿಯಲ್ಲಿ ಏನೋ ಹುಡುಕುವ ಹಾಗೆ ಎಡಗೈ ಎತ್ತಿದಳು. ನನಗೆ ತಡೆಯಲಾಗಲಿಲ್ಲ. "ಗುರುವಾರ! ಗುರು ಅಂದ್ರೆ ದೊಡ್ಡದು, ದೊಡ್ಡ ಗ್ರಹ, ನೆನಪಾಯ್ತಾ?" ಎಂದೆ. ಕೈ ಕೆಳಗಿಳಿಯಿತು. ಮತ್ತೆ ಎಷ್ಟು ಕೇಳಿದರೂ ಬಾಯಿ ತೆರೆಯಲಿಲ್ಲ.

"ಸಾರ್, ಪಾಠ ನಿಮಗಲ್ಲ," ಎಂದರು ಟೀಚರ್. ನಗುತ್ತಲೇ ಹೇಳಿದರು, ಆದರೆ ಕಿವಿ ಬಿಸಿಯಾಯಿತು. ಸಹಾಯ ಮಾಡುವುದೂ ತಪ್ಪಾದರೆ ಮನುಷ್ಯ ಏನು ಮಾಡಬೇಕು?

ಮಾರ್ಚ್ ೩೦, ಭಾನುವಾರ

ಬರೆಯಲು ಏನೂ ಇಲ್ಲ. ಸುಸ್ತು.

ಏಪ್ರಿಲ್ ೩, ಗುರುವಾರ

'ಯಾದಿ' ಬರೆದೆ. ಪಾರ್ಸಿಯ ಯಾದ್ ಎಂದರೆ ನೆನಪು. ಅಲ್ಲಿಂದ ಹೊರಟು, ಪಕ್ಕದ ಭಾಷೆಯಲ್ಲಿ ತಂಗಿ, ನಮ್ಮಲ್ಲಿಗೆ ಬಂದಿದೆ. ನೆನಪಿಗಾಗಿ ಬರೆದಿಟ್ಟದ್ದು ಯಾದಿ.

ಬರೆಯುತ್ತ ಬರೆಯುತ್ತ ಬೇಡದ್ದೆಲ್ಲ ನೆನಪಾಯಿತು. ಮದುವೆಗೆ ಮುಂಚೆ ನಾನು ಡಿಪೋದ ಹಿಂದಿನ ಬಾಡಿಗೆ ರೂಮಿನಲ್ಲಿದ್ದೆ. ಬೆಳಿಗ್ಗೆ ಬಸ್ಸು ಹತ್ತಿ ಪುಸ್ತಕ ತೆರೆದರೆ ಲೈಬ್ರರಿ ಸ್ಟಾಪು ಬಂದದ್ದು ತಿಳಿಯುತ್ತಿರಲಿಲ್ಲ. ಕಂಡಕ್ಟರಾಗಿದ್ದ ಇವಳು ಕೂಗಿದ್ದೂ ಕೇಳುತ್ತಿರಲಿಲ್ಲ. ಬಸ್ಸು ಊರಾಚೆ ಹೋಗಿ ನಿಂತು, ಎಲ್ಲರೂ ಇಳಿದ ಮೇಲೆ ಅವಳು ಸೀಟಿನ ಹತ್ತಿರ ಬಂದು ಭುಜ ತಟ್ಟುತ್ತಿದ್ದಳು. "ಪುಸ್ತಕದವ್ರೇ, ಏಳಿ, ಇಳೀರಿ. ಇನ್ನು ಮುಂದೆ ರಸ್ತೆ ಇಲ್ಲ." ಮೊದಮೊದಲು ನಿಜಕ್ಕೂ ಓದಿನಲ್ಲಿ ಮುಳುಗಿರುತ್ತಿದ್ದೆ. ಕೆಲವು ವಾರಗಳಾದ ಮೇಲೆ ಹಾಳೆ ತಿರುಗಿಸುವುದನ್ನೇ ಮರೆತು ಕೂತಿರುತ್ತಿದ್ದೆ, ಅವಳಿಗೂ ಅದು ಗೊತ್ತಿತ್ತು. ಕಚೇರಿಗೆ ದಿನಾ ತಡ. ಆಗಿನ ಸಂಪಾದಕರಿಗೆ ಬಸ್ಸು ಕೆಟ್ಟಿತೆಂದು ಹೇಳಿ ಹೇಳಿ, ಆ ಬಸ್ಸಿಗೆ ಊರಿನಲ್ಲೇ ಕೆಟ್ಟ ಹೆಸರು ತಂದೆ.

ಆ ದನಿ ಇನ್ನೊಮ್ಮೆ ನನ್ನನ್ನು ಹಾಗೆ ಕರೆದರೆ ಸಾಕು. ಬೇರೆ ಏನನ್ನೂ ಹೇಳದಿದ್ದರೂ ಸರಿ.

ಏಪ್ರಿಲ್ ೭, ಸೋಮವಾರ

ಈವತ್ತು ಆದದ್ದನ್ನು ಕ್ರಮವಾಗಿ ಬರೆಯಬೇಕು.

ಟ್ಯಾಕ್ಸಿಯವನು ಕೈಕೊಟ್ಟ. ಹೊತ್ತಾಗಿತ್ತು, ಬೇರೆ ದಾರಿಯಿರಲಿಲ್ಲ. ಹಳೇ ಸೇತುವೆಯ ಸ್ಟಾಪು ನಮ್ಮ ಮನೆಯ ತಿರುವಿನಲ್ಲೇ ಇದೆ. ಮುಖ ಗಂಟಿಕ್ಕಿಕೊಂಡೇ ಹತ್ತಿದಳು. ಕಂಡಕ್ಟರು ಗುರುತಿನವರಲ್ಲ, ಹೊಸದಾಗಿ ವರ್ಗವಾಗಿ ಬಂದ ನಡುವಯಸ್ಸಿನ ಮನುಷ್ಯ. ಟಿಕೆಟ್ ಕೊಟ್ಟು ಹೋಗಿ ತನ್ನ ಸೀಟಿನಲ್ಲಿ ಕೂತ. ಒಂದು ಸ್ಟಾಪನ್ನೂ ಕೂಗಲಿಲ್ಲ. ಇವಳು ಅವನನ್ನು ಗುರಾಯಿಸಿ ನೋಡಿದಳು. ಆಮೇಲೆ ಎಡಗೈಯಿಂದ ಮುಂದಿನ ಸೀಟಿನ ಸರಳನ್ನು ಟಕ್ ಟಕ್ ಎಂದು ಬಡಿದಳು.

"ಡಿಪೋ," ಎಂದಳು. "ಹಳೇ ಸೇತುವೆ." ಬಸ್ಸು ತಿರುಗಿತು. "ಹಾಲಿನ ಡೇರಿ." ಜನ ಇಳಿದರು. "ಗಡಿಯಾರದ ಕಂಬ."

ಒಂದಾದ ಮೇಲೊಂದು, ಎಡವದೆ! ನನಗೆ ಮೈಮೇಲೆ ಎಚ್ಚರವಿರಲಿಲ್ಲ. "ಮಾತಾಡ್ತಿದಾಳೆ! ನೋಡಿ, ಮಾತಾಡ್ತಿದಾಳೆ!" ಎಂದು ಕೂಗಿದೆ. ಬಸ್ಸಿನವರೆಲ್ಲ ತಿರುಗಿದರು. ಅವಳ ಬಾಯಿ ಟಪ್ಪೆಂದು ಮುಚ್ಚಿತು. ಅಷ್ಟರಲ್ಲಿ ದೊಡ್ಡಾಸ್ಪತ್ರೆಯೂ ಬಂತು, ಇಳಿದೆವು.

ಟೀಚರಿಗೆ ಹೇಳಿದೆ. ಕುರ್ಚಿಯಿಂದ ಎದ್ದೇಬಿಟ್ಟರು. "ಇದೇ ಅವರ ಬಾಯಿಪಾಠ! ವಾರ, ತಿಂಗಳು ಎಲ್ಲ ಬಿಟ್ಟುಬಿಡಿ. ಇನ್ಮೇಲೆ ಬಸ್ಸಲ್ಲೇ ಬನ್ನಿ. ಆದ್ರೆ ಸಾರ್, ಇಂಥ ಸಾಲು ಮಧ್ಯೆ ಕಡಿದ್ರೆ ಮತ್ತೆ ಮೊದಲಿಂದಾನೇ ಶುರು ಮಾಡ್ಬೇಕಾಗುತ್ತೆ. ನೀವು ದಯವಿಟ್ಟು..."

"ಗೊತ್ತು, ಗೊತ್ತು," ಎಂದೆ.

ಏಪ್ರಿಲ್ ೧೧, ಶುಕ್ರವಾರ

ಮನೆಯಲ್ಲೂ ಶುರುವಾಗಿದೆ. ಹೆಂಡತಿ ಜಾಣೆ. ಬಿಡಿ ಪದ ಬರುವುದಿಲ್ಲ, ಆದರೆ ಡಿಪೋದಿಂದ ಹೊರಟು ಬೇಕಾದ ಸ್ಟಾಪಿನಲ್ಲಿ ನಿಲ್ಲಬಲ್ಲಳು. ಹಾಲು ಬೇಕಾದರೆ, "ಡಿಪೋ, ಹಳೇ ಸೇತುವೆ, ಹಾಲಿನ ಡೇರಿ," ಎಂದು ನಿಲ್ಲಿಸಿ ಗಲ್ಲ ಎತ್ತುತ್ತಾಳೆ. ಗಡಿಯಾರದ ಕಂಬದಲ್ಲಿ ನಿಂತರೆ ಗಂಟೆ ಎಷ್ಟು ಎಂದರ್ಥ. ದೊಡ್ಡಾಸ್ಪತ್ರೆಯಲ್ಲಿ ನಿಂತರೆ ಮಾತ್ರೆ. ಗಾಜಿನ ಕಾರ್ಖಾನೆಯವರೆಗೆ ಹೋದದ್ದೇಕೆಂದು ಬೆಳಿಗ್ಗೆ ಬಹಳ ತಲೆ ಕೆಡಿಸಿಕೊಂಡೆ. ಕನ್ನಡಕ! ತಂದುಕೊಟ್ಟಾಗ ನನ್ನ ಕೆನ್ನೆ ತಟ್ಟಿದಳು, ಮಂದ ಹುಡುಗನಿಗೆ ಲೆಕ್ಕ ಬಂದಾಗ ತಟ್ಟುವಂತೆ.

ಮಗಳಿಗೆ ಫೋನಿನಲ್ಲಿ ಹೇಳಿದೆ. "ಅದು ಮಾತಲ್ಲ ಅಪ್ಪ, ಬಾಯಿಪಾಠ. ಅಮ್ಮ ನನ್ನ ಹತ್ರ, ನಿನ್ನ ಹತ್ರ ಮಾತಾಡ್ಬೇಕಲ್ವಾ? ಒಬ್ಬರನ್ನ ಕರೀಬೇಕಲ್ವಾ?" ಎಂದಳು. ನಾನು ಉತ್ತರ ಕೊಡಲು ಹೊರಟೆ. ಅಷ್ಟರಲ್ಲಿ ಅವಳು ಕೇಂದ್ರದಲ್ಲಿ ಹಾಸಿಗೆ ಖಾಲಿಯಿರುವ ವಿಷಯ ಶುರು ಮಾಡಿದ್ದಳು.

ಏಪ್ರಿಲ್ ೧೫, ಮಂಗಳವಾರ

ದಿನವಿಡೀ ಲೈಬ್ರರಿ, ಲೈಬ್ರರಿ. ಡಿಪೋದಿಂದ ಹೊರಟು ನೇರ ಅಲ್ಲಿಗೇ ಬರುತ್ತಾಳೆ. "...ಗಾಜಿನ ಕಾರ್ಖಾನೆ, ಲೈಬ್ರರಿ," ಎಂದ ತಕ್ಷಣ ನಾನು ಉಬ್ಬಿಹೋಗುತ್ತೇನೆ. "ನನ್ನ ಸ್ಟಾಪು!" ಎನ್ನುತ್ತೇನೆ. ಅವಳು ಕುರ್ಚಿಯ ಕೈ ಗುದ್ದುತ್ತಾಳೆ. ಪುಸ್ತಕ ಬೇಕೇನೋ ಎಂದು ತಂದುಕೊಟ್ಟೆ, ತಳ್ಳಿದಳು. ಕಚೇರಿಗೆ ಹೋಗು ಎನ್ನುತ್ತಿದ್ದಾಳೇನೋ ಎಂದು ಅಂಗಿ ಹಾಕಿಕೊಂಡೆ, ಇನ್ನೂ ಸಿಟ್ಟು. ಮೂರನೆಯ ಸಲಕ್ಕೆ ಕಣ್ಣಲ್ಲಿ ನೀರು ಬಂತು. ನನಗೂ ರೇಗಿತು. "ಲೈಬ್ರರೀಲಿ ಏನಿದೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?" ಎಂದು ಕಿರುಚಿದೆ. ಕಿರುಚಬಾರದಿತ್ತು.

ಏಪ್ರಿಲ್ ೧೭, ಗುರುವಾರ

ಆಧಾರರ ಜೊತೆ ಜಗಳ. ಕ್ಯಾಟಲಾಗು ಗ್ರೀಕಿನಿಂದ ಬಂದದ್ದು. 'ಕತಾ' ಎಂದರೆ ಕೆಳಕ್ಕೆ ಎಂದೂ ಆಗುತ್ತದೆ, ಪೂರ್ತಿಯಾಗಿ ಎಂದೂ ಆಗುತ್ತದೆ. 'ಲೆಗೆಯಿನ್' ಎಂದರೆ ಆರಿಸುವುದು, ಎಣಿಸುವುದು, ಹೇಳುವುದು. ನಾನು 'ಮೊದಲಿನಿಂದ ಕೊನೆಯವರೆಗೆ ಒಂದೊಂದಾಗಿ ಹೇಳುವುದು' ಎಂದು ಬರೆದಿದ್ದೆ.

"ಕೊನೆಯವರೆಗೆ ಅನ್ನೋದಕ್ಕೆ ಆಧಾರ ಎಲ್ಲಿದೆ?"

"ಪೂರ್ತಿ ಅಂದ್ಮೇಲೆ ಕೊನೆ ಬರಲೇಬೇಕಲ್ಲ ಸಾರ್?"

"ಅರ್ಧಕ್ಕೆ ನಿಲ್ಲಿಸಿದ ಕ್ಯಾಟಲಾಗು ಎಷ್ಟು ಬೇಕು ನಿಮಗೆ? ಈ ಕಚೇರೀಲ್ಲೇ ತೋರಿಸ್ಲಾ?"

ಅವರು ಹೇಳಿದ್ದೂ ಸರಿ. ಅರ್ಧ ದಿನ ಹಾಳಾಯಿತು. ಮೊದಲಾಗಿದ್ದರೆ ಆಧಾರ ಹುಡುಕಿ ಅವರ ಮೇಜಿನ ಮೇಲೆ ಬಡಿದು ಬರುತ್ತಿದ್ದೆ. ಈವತ್ತು, "ನಿಮಗೆ ಬೇಕಾದ ಹಾಗೆ ಬರ್ಕೊಳ್ಳಿ," ಎಂದು ಬೇಗ ಬಸ್ಸು ಹಿಡಿದೆ. ಆಯಾ ಹೋಗುವ ಹೊತ್ತಾಗಿತ್ತು.

ಏಪ್ರಿಲ್ ೨೨, ಮಂಗಳವಾರ

ಕಚೇರಿಯ ಕೆಲಸ ಮನೆಗೇ ತಂದಿದ್ದೆ. 'ಸೂಚಿ'. ಸಂಸ್ಕೃತದಲ್ಲಿ ಅದು ಮೊದಲು ಸೂಜಿ, ಆಮೇಲೆ ತೋರಿಸುವಂಥದ್ದು, ಕೊನೆಗೆ ಪುಸ್ತಕದ ಹಿಂದಿನ ಪಟ್ಟಿ. ಕಾರ್ಡುಗಳನ್ನು ಜೋಡಿಸಿ ಗುಂಡುಸೂಜಿ ಚುಚ್ಚುತ್ತ ಕೂತಿದ್ದೆ, ಬಾಯಲ್ಲಿ ಐದಾರು ಸೂಜಿ ಕಚ್ಚಿಕೊಂಡಿದ್ದೆ.

ಅವಳು ಶುರು ಮಾಡಿದಳು. "ಡಿಪೋ, ಹಳೇ ಸೇತುವೆ..." ಬಂತು ಲೈಬ್ರರಿ. ಬಾಯಲ್ಲಿ ಸೂಜಿ ಇದ್ದದ್ದರಿಂದ ನಾನು ಉಸಿರೆತ್ತುವಂತಿರಲಿಲ್ಲ, ಸುಮ್ಮನೆ ನೋಡಿದೆ. ಅವಳೂ ನನ್ನನ್ನೇ ನೋಡುತ್ತ ಸ್ವಲ್ಪ ಹೊತ್ತು ಕಾದಳು. ಆಮೇಲೆ, "ನೀರಿನ ಟ್ಯಾಂಕು," ಎಂದಳು.

ಅಲ್ಲಿ ನಿಲ್ಲಿಸಿ ಗಲ್ಲ ಎತ್ತಿದಳು.

ಸೂಜಿಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು, ಹೋಗಿ ನೀರು ತಂದೆ. ಲೋಟ ಪೂರ್ತಿ ಕುಡಿದಳು. ಇನ್ನೊಂದು ತಂದೆ, ಅದನ್ನೂ ಕುಡಿದಳು. ಇಷ್ಟು ದಿನ ಅವಳು ಲೈಬ್ರರಿಗೆ ಬರುತ್ತಿರಲಿಲ್ಲ, ಅದನ್ನು ದಾಟಲು ನೋಡುತ್ತಿದ್ದಳು. ಎಡಗೈಗೆ ಸಿಗುವ ಹಾಗೆ ಕಿಟಕಿಯ ಕಟ್ಟೆಯ ಮೇಲೆ ಒಂದು ಹೂಜಿ ಇಟ್ಟಿದ್ದೇನೆ. ಮೊದಲೇ ಇಡಬಹುದಿತ್ತು. ನನ್ನ ಮೇಲೇ ಅಸಹ್ಯವಾಯಿತು.

ಏಪ್ರಿಲ್ ೨೫, ಶುಕ್ರವಾರ

ಮಗಳ ಫೋನು. ಬುಧವಾರ ಬರುತ್ತಾಳೆ, ಕೇಂದ್ರದವರಿಗೆ ಹೇಳಿಟ್ಟಿದ್ದಾಳೆ, ಅಮ್ಮನ ಬಟ್ಟೆ ಜೋಡಿಸಿಡಬೇಕಂತೆ. "ನಿನಗೂ ಸ್ವಲ್ಪ ಉಸಿರಾಡೋಕಾಗುತ್ತೆ ಅಪ್ಪ," ಎಂದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು.

ಸೂಟ್‌ಕೇಸು ಅಟ್ಟದಿಂದ ಇಳಿಸಿಲ್ಲ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ಅದನ್ನು ಸರಿಮಾಡಿದೆ. ಬೀನ್ಸು ಬೇಯಿಸಿದೆ. ಈಗ ಜಡೆ ಹೆಣೆಯಲು ಬರುತ್ತದೆ, ಸ್ವಲ್ಪ ಸೊಟ್ಟ.

ಪುಸ್ತಕದ ನನ್ನ ಪಾಲು ಇನ್ನೂ ಬಾಕಿ. 'ತಖ್ತೆ' ಬರೆಯಬೇಕು. ಕಚೇರಿಗಳ ಕೋಷ್ಟಕ ಅದು, ಹಲಗೆ ಎಂಬ ಅರ್ಥದಿಂದ ಬಂದದ್ದು. ನಾಳೆ ನೋಡೋಣ.

ಏಪ್ರಿಲ್ ೨೮, ಸೋಮವಾರ

ಈವತ್ತು ಟೀಚರ್ ಹತ್ತಿರ ಹೋಗಲಿಲ್ಲ. ತಪ್ಪು ನನ್ನದು.

ಹಳೇ ಸೇತುವೆಯಲ್ಲಿ ಹತ್ತಿದೆವು, ಅದೇ ಕಂಡಕ್ಟರು. ಈಗ ಅವನೂ ಇವಳನ್ನು ಬಲ್ಲ. ಟಿಕೆಟ್ ಕೊಟ್ಟು, "ಮೇಡಂ, ಕೂಗಿ," ಎಂದು ತನ್ನ ಸೀಟಿಗೆ ಹೋದ. ಇವಳು ಸರಳಿನ ಮೇಲೆ ಟಕ್ ಟಕ್ ಎಂದಳು. ಡಿಪೋ ಹಿಂದೆಯೇ ಉಳಿದಿದ್ದರೂ ಡಿಪೋದಿಂದಲೇ ಶುರು. ಆಮೇಲೆ ಬಸ್ಸಿನ ಜೊತೆಗೇ ಹೊರಟಳು, ಪ್ರತಿಯೊಂದು ಸ್ಟಾಪೂ ಬರುವುದಕ್ಕೆ ತುಸು ಮುಂಚೆ. ದನಿ ಮೊದಲಿನಷ್ಟಿಲ್ಲ, ಆದರೂ ಹಿಂದಿನ ಬಾಗಿಲಿನ ಹತ್ತಿರ ನಿಂತಿದ್ದ ಮುದುಕರೊಬ್ಬರು ಅದನ್ನು ಕೇಳಿಯೇ ಇಳಿದರು. ಅವಳ ಎಡಗೈ ಬೆರಳುಗಳು ಸರಳಿನ ಮೇಲೆ ಓಡಾಡುವುದನ್ನೇ ನೋಡುತ್ತಿದ್ದೆ. "ದೊಡ್ಡಾಸ್ಪತ್ರೆ," ಎಂದಳು. ಜನ ಇಳಿದರು, ಹತ್ತಿದರು. ಗಾಜಿನ ಕಾರ್ಖಾನೆ. ಲೈಬ್ರರಿ. ನೀರಿನ ಟ್ಯಾಂಕು.

ಆಗ ನನಗೆ ಹೊಳೆಯಿತು, ನಾವು ಇಳಿಯಬೇಕಾದ್ದು ದೊಡ್ಡಾಸ್ಪತ್ರೆಯಲ್ಲಿ! ದಡಬಡಿಸಿ ಏಳಲು ಹೋದೆ. ಅವಳು ನನ್ನ ತೋಳು ಹಿಡಿದು ಕೂರಿಸಿದಳು. ಎಡಗೈಯಲ್ಲಿ ಅಷ್ಟು ಬಲವಿದೆಯೆಂದು ಗೊತ್ತಿರಲಿಲ್ಲ. ಮುಖ ಮುಂದಕ್ಕೇ ಇತ್ತು, ನನ್ನನ್ನು ನೋಡಲೂ ಇಲ್ಲ, ಡ್ಯೂಟಿಯಲ್ಲಿದ್ದಾಗ ಪ್ರಯಾಣಿಕರನ್ನು ಕೂರಿಸುವಾಗಿನ ಮುಖ ಅದು.

"ಕೋರ್ಟು," ಎಂದಳು. "ಮರದ ಮಿಲ್ಲು." ಬಸ್ಸು ಖಾಲಿಯಾಗುತ್ತ ಬಂತು. ಮನೆಗಳು ಕಡಿಮೆಯಾದವು. ಈ ರಸ್ತೆಯನ್ನು ನಾನು ನೋಡಿ ಎಷ್ಟು ಕಾಲವಾಯಿತೋ.

"ಕಲ್ಲುಗಣಿ," ಎಂದಳು. ಬಸ್ಸು ಸುತ್ತು ಹೊಡೆದು ನಿಂತಿತು. ಡ್ರೈವರು ಇಂಜಿನ್ ಆರಿಸಿ ಇಳಿದು ಹೋದ. ಕಂಡಕ್ಟರೂ ಇಳಿದ. ನಾವಿಬ್ಬರೇ ಉಳಿದೆವು. ಅವಳು ಸರಳು ಹಿಡಿದು, ಬಲಗಾಲನ್ನು ಎಳೆದುಕೊಂಡು ಎದ್ದು ನಿಂತಳು. ನನ್ನ ಕಡೆ ತಿರುಗಿ ಭುಜ ತಟ್ಟಿದಳು.

"ಪುಸ್ತಕದವ್ರೇ," ಎಂದಳು. "ಏಳಿ. ಇಳೀರಿ."

ನಾನು ಎದ್ದೆ. ಮೊದಲು ಇಳಿದು ಕೈ ಕೊಟ್ಟೆ, ಅವಳು ಇಳಿದಳು. ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ನಾನು ಚೆನ್ನಾಗಿ ಅತ್ತೆ. ಅವಳು ನನ್ನ ಜೇಬಿನಿಂದಲೇ ಕರವಸ್ತ್ರ ತೆಗೆದು ಕೊಟ್ಟಳು. ಕಂಡಕ್ಟರು ಟೀ ಕುಡಿದು ಬಂದವನು ನಮ್ಮನ್ನು ನೋಡಿ ಬೇರೆ ಕಡೆ ತಿರುಗಿ ನಿಂತ.

ವಾಪಸ್ಸು ಬರುವಾಗ ಅವಳು ಮತ್ತೆ ಶುರು ಮಾಡಿದಳು, ಈ ಸಲ ಆ ತುದಿಯಿಂದ: ಕಲ್ಲುಗಣಿ, ಮರದ ಮಿಲ್ಲು, ಕೋರ್ಟು. ಆ ಕಡೆಯಿಂದಲೂ ಅಷ್ಟೇ ಸಲೀಸು.

ಟೀಚರಿಗೆ ಫೋನು ಮಾಡಿ ಕ್ಷಮೆ ಕೇಳಿದೆ. ಮಗಳಿಗೆ ಇನ್ನೂ ಮಾಡಿಲ್ಲ. ಬುಧವಾರ ಬರಲಿ. ಸೂಟ್‌ಕೇಸು ಅಟ್ಟದಲ್ಲೇ ಇರಲಿ. ಮೂವರೂ ಡಿಪೋಗೇ ಹೋಗಿ ಹತ್ತಿ, ಕಲ್ಲುಗಣಿಯವರೆಗೆ ಹೋಗಿಬರೋಣ, ಮಗಳೇ ಕೇಳಲಿ. ಆದರೆ ದಾರಿಯುದ್ದಕ್ಕೂ ತುಟಿ ಬಿಚ್ಚಬಾರದೆಂದು ಮಗಳಿಗೆ ಮೊದಲೇ ಹೇಳಿಡಬೇಕು. ಯಾರಾದರೂ ಮಾತಾಡುತ್ತಿದ್ದರೆ ಮಧ್ಯೆ ಬಾಯಿ ಹಾಕುವ ಚಾಳಿ ಅವಳಿಗೆ. ಎಲ್ಲಿಂದ ಬಂತೋ ಗೊತ್ತಿಲ್ಲ.